ಸಾಕ್ಷಿ ಯಾರು ತರಬೇಕು?

ಹೋದ ತಿಂಗಳ ಸಭೆ ಮುಗಿದು ಚಾಪೆ ಮಡಚುತ್ತಾ ಇರುವಾಗ ಹಾಸ್ಟೆಲಿನ ಹುಡುಗನೊಬ್ಬ ನಮ್ಮನ್ನು ನಿಲ್ಲಿಸಿ ಕೇಳಿದ: "ಪರಿಸರ, ಪರಿಸರ ಅಂತ ಮಾತಾಡೋದು ಹೊಟ್ಟೆ ತುಂಬಿದವರ ಕೆಲಸ ಅಲ್ವಾ ಸಾರ್? ನಮಗೆ ಸ್ಕಾಲರ್‌ಶಿಪ್ ಬಂದಿಲ್ಲ. ಊರಲ್ಲಿ ಅಪ್ಪನಿಗೆ ಡಿ.ಸಿ. ಮನ್ನಾ ಜಾಗದ ಹಕ್ಕುಪತ್ರ ಸಿಕ್ಕಿಲ್ಲ. ನಾಗರಹೊಳೆಯ ಜೇನುಕುರುಬರನ್ನು ಕಾಡಿನಿಂದ ಹೊರಗೆ ಹಾಕಿದ್ದೂ ಪರಿಸರದ ಹೆಸರಲ್ಲೇ. ಇದರಲ್ಲಿ ನಮ್ಮದೇನಿದೆ?"

ಪ್ರಶ್ನೆ ಸರಿಯಾಗಿಯೇ ಇದೆ. ಆವತ್ತು ನಾವು ಕೊಟ್ಟ ಉತ್ತರ ಮಾತ್ರ ಸರಿ ಇರಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು, ಏನೋ ನಾಲ್ಕು ಮಾತು ಹೇಳಿ ಜಾರಿಕೊಂಡೆವು. ಅದಕ್ಕೆ ಈ ಸಲದ ಸಂಪಾದಕೀಯವನ್ನು ಆ ಹುಡುಗನಿಗೇ ಬರೆಯುತ್ತಿದ್ದೇವೆ. ಅದೇ ಪ್ರಶ್ನೆ ಮನಸ್ಸಿನಲ್ಲಿದ್ದೂ ಕೇಳದೆ ಕೂತವರೂ ಓದಬೇಕು.

ಮೊದಲು ಹತ್ತಿರದ ಒಂದು ಊರಿಗೆ ಹೋಗೋಣ. ಮಂಗಳೂರಿಂದ ತೆಂಕಕ್ಕೆ ಹೋದರೆ ಗಡಿ ದಾಟಿದ ಕೂಡಲೇ ಕಾಸರಗೋಡು. ರಾಜ್ಯ ಕೇರಳ, ಮನೆಮಾತು ತುಳು, ಕನ್ನಡ, ಮಲೆಯಾಳ, ಮರಾಟಿ ಎಲ್ಲಾ ಉಂಟು. ಅಲ್ಲಿನ ಎಣ್ಮಕಜೆ ಪಂಚಾಯತಿನಲ್ಲಿ ಪಡ್ರೆ ಎಂಬ ಗ್ರಾಮ, ಅದರಲ್ಲಿ ಸ್ವರ್ಗ ಅಂತ ಒಂದು ಜಾಗ. ಹೆಸರು ಸ್ವರ್ಗ. ಗುಡ್ಡೆಯ ಮೇಲೆಲ್ಲ ಸರ್ಕಾರಿ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟ, ತಗ್ಗಿನಲ್ಲಿ ಜನರ ಮನೆ, ತೋಡು, ಬಾವಿ, ಗುಡ್ಡೆಯ ಹೊಟ್ಟೆ ಕೊರೆದು ನೀರು ತರುವ ಸುರಂಗ. ಗೇರಿನ ಚಿಗುರಿಗೆ ಬೀಳುವ ಟೀ ಸೊಳ್ಳೆ ಎಂಬ ಕೀಟ ಕೊಲ್ಲಲಿಕ್ಕೆ 1970ರ ದಶಕದ ಕೊನೆಯಿಂದ 2000ದ ತನಕ, ವರ್ಷಕ್ಕೆ ಎರಡು ಮೂರು ಸಲ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಸಿಂಪಡಿಸುವ ಮೊದಲು ನೀರಿನ ಮೂಲಗಳನ್ನು ಮುಚ್ಚಬೇಕು ಅಂತ ನಿಯಮ ಇತ್ತು. ಬಾವಿಗೆ ಮಡಲು ಮುಚ್ಚಬಹುದು. ಹರಿಯುವ ತೋಡನ್ನು ಯಾವುದರಿಂದ ಮುಚ್ಚುವುದು?

ಮೊದಲು ಜೇನುನೊಣ ಸತ್ತವು, ಮೀನು ಸತ್ತವು. ಕೈಕಾಲು ಸೊಟ್ಟಗಿನ ಕರುಗಳು ಹುಟ್ಟಿದವು. ಆಮೇಲೆ ಮನುಷ್ಯರ ಸರದಿ. ತಲೆ ದೊಡ್ಡದಾದ ಮಕ್ಕಳು, ಮಾತು ಬಾರದ ಮಕ್ಕಳು, ಅಪಸ್ಮಾರ, ಚರ್ಮದ ಕಾಯಿಲೆ, ಕ್ಯಾನ್ಸರ್. ಶ್ರೀ ಪಡ್ರೆಯವರಂಥ ಪತ್ರಕರ್ತರು ಬರೆದರು. ವಾಣೀನಗರದಲ್ಲಿ ಚಿಕಿತ್ಸೆ ಮಾಡುತ್ತಿದ್ದ ಡಾ. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ಲೆಕ್ಕ ಇಟ್ಟು, ಇದು ಮಾಮೂಲು ಅಲ್ಲ ಅಂತ ಕೂಗಿ ಹೇಳಿದರು. ಕೃಷಿ ಇಲಾಖೆಯಲ್ಲೇ ಕೆಲಸದಲ್ಲಿದ್ದ ಲೀಲಾಕುಮಾರಿ ಅಮ್ಮ ಹೊಸದುರ್ಗದ ಮುನ್ಸೀಫ್ ಕೋರ್ಟಿನ ಮೆಟ್ಟಿಲು ಹತ್ತಿದರು. ಒಬ್ಬ ಸಾಮಾನ್ಯ ಹೆಂಗಸು, ಎದುರಿಗೆ ಸರ್ಕಾರದ ನಿಗಮ. ಕೊನೆಗೂ ಹೆಲಿಕಾಪ್ಟರ್ ನಿಂತಿತು.

ಇದು ಕೇರಳದ ಕತೆ ಅಂತ ಮಂಗಳೂರಿನಲ್ಲಿ ಕೂತು ನಿಟ್ಟುಸಿರು ಬಿಡಬೇಡಿ. ನಮ್ಮದೇ ಜಿಲ್ಲೆಯ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಕಡೆ ನಮ್ಮದೇ ಸರ್ಕಾರದ ಗೇರು ಅಭಿವೃದ್ಧಿ ನಿಗಮದ ತೋಟಗಳಿಗೂ ಇದೇ ವಿಷ ಬಿತ್ತು. ಕೊಕ್ಕಡದಲ್ಲಿ ಈಗ ಎಂಡೋ ಪಾಲನಾ ಕೇಂದ್ರ ಇದೆ. ಪ್ರಾಯಕ್ಕೆ ಬಂದ ಮಗನನ್ನು ಇನ್ನೂ ಎತ್ತಿಕೊಂಡು ತಿರುಗುವ ತಾಯಂದಿರು ಆ ಊರುಗಳಲ್ಲಿದ್ದಾರೆ.

ಈಗ ಗಮನಿಸಬೇಕಾದ್ದು ಇದು. ಈ ತಾಯಂದಿರು ಬಾಯಿ ಬಿಟ್ಟಾಗ ಅವರಿಗೆ ಸಿಕ್ಕಿದ ಮೊದಲ ಉತ್ತರ ಏನು? "ಸಾಕ್ಷಿ ಎಲ್ಲಿ?" ನಿನ್ನ ಮಗುವಿನ ರೋಗ ಇದೇ ಔಷಧಿಯಿಂದ ಬಂತು ಅಂತ ರುಜುವಾತು ಮಾಡು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಜನರ ರಕ್ತದಲ್ಲೇ ಎಂಡೋಸಲ್ಫಾನ್ ಕಂಡುಹಿಡಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಶಾಲೆಯ ಮಕ್ಕಳನ್ನು ಪರೀಕ್ಷಿಸಿ ಕೇಡು ಆಗಿದೆ ಅಂತ ವರದಿ ಕೊಟ್ಟಿತು. ಅಷ್ಟಾದ ಮೇಲೂ ಸಮಿತಿಯ ಮೇಲೆ ಸಮಿತಿ ಕೂತವು. ಸಂಬಂಧ ಸಿದ್ಧವಾಗಿಲ್ಲ, ಸಿದ್ಧವಾಗಿಲ್ಲ ಅಂತ ಬರೆದವು.

ಗೆಳೆಯರೇ, ಈ ಮಾತು ನಮಗೆ ಹೊಸತಾ? ಹೋಟೆಲಿನಲ್ಲಿ ಲೋಟ ಬೇರೆ ಇಟ್ಟದ್ದಕ್ಕೆ ಸಾಕ್ಷಿ ಎಲ್ಲಿ? ಬಾವಿಯ ಹತ್ತಿರ ಬರಬೇಡ ಅಂದದ್ದಕ್ಕೆ ಸಾಕ್ಷಿ ಎಲ್ಲಿ? ಪೆಟ್ಟು ತಿಂದವನೇ ಸಾಕ್ಷಿ ತರಬೇಕು, ಪೆಟ್ಟು ಕೊಟ್ಟವನು ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕಬಹುದು. ಊರ ನ್ಯಾಯ ಅಂದರೆ ಇಷ್ಟೇ ಆಗಿತ್ತು. ದೇಶದ ನ್ಯಾಯವೂ ಬಹಳ ಕಾಲ ಅದೇ ದಾರಿಯಲ್ಲಿ ನಡೆಯಿತು. ಲೋಕದ ನ್ಯಾಯವೂ ಹಾಗೆಯೇ ನಡೆಯಬೇಕಾ ಅನ್ನುವುದೇ ಅಂತರರಾಷ್ಟ್ರೀಯ ಪರಿಸರ ಕಾನೂನು ಎಂಬ ದೊಡ್ಡ ಹೆಸರಿನ ವಸ್ತುವಿನ ಬುಡದಲ್ಲಿರುವ ಪ್ರಶ್ನೆ.

ಆ ಕಾನೂನಿನ ತತ್ವಗಳನ್ನು ಒಂದೊಂದಾಗಿ ನೋಡೋಣ. ಹೆದರುವಂಥದ್ದೇನೂ ಇಲ್ಲ.

ಒಂದನೆಯದು, ನಿನ್ನ ಜಾಗದಲ್ಲಿ ನೀನು ಯಜಮಾನ ಇರಬಹುದು, ಆದರೆ ಅಲ್ಲಿಂದ ನನಗೆ ಕೇಡು ಮಾಡುವ ಹಕ್ಕು ನಿನಗಿಲ್ಲ. ಕೆನಡಾ ದೇಶದ ಟ್ರೇಲ್ ಎಂಬ ಊರಿನ ಲೋಹ ಕರಗಿಸುವ ಕಾರ್ಖಾನೆಯ ಹೊಗೆ ಗಡಿ ದಾಟಿ ಅಮೆರಿಕದ ರೈತರ ಬೆಳೆ ಸುಟ್ಟಿತು. ಎರಡು ದೇಶಗಳ ನಡುವೆ ಪಂಚಾಯಿತಿಕೆ ನಡೆದು 1941ರಲ್ಲಿ ಕೊನೆಯ ತೀರ್ಪು ಬಂತು: ಹಾಗೆ ಮಾಡುವಂತಿಲ್ಲ. ಇದೇ ಮಾತು 1972ರ ಸ್ಟಾಕ್‌ಹೋಮ್ ಸಮ್ಮೇಳನದ ಘೋಷಣೆಯಲ್ಲಿ 21ನೇ ತತ್ವವಾಯಿತು. ಬಯಲಿನಲ್ಲಿ ಗದ್ದೆ ಮಾಡಿದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಮೇಲಿನ ಗದ್ದೆಯವನು ಹುಣಿ ಕಡಿದರೆ ಕೆಳಗಿನವನ ನೇಜಿ ಕೊಚ್ಚಿಹೋಗುತ್ತದೆ. ಕೆಳಗಿನ ಗದ್ದೆ ಯಾವಾಗಲೂ ಯಾರದ್ದು ಅನ್ನುವುದೂ ನಿಮಗೆ ಗೊತ್ತು.

ಎರಡನೆಯದು, ಕೆಡಿಸಿದವನೇ ತೆರಬೇಕು. ಲಾಭ ಒಬ್ಬನಿಗೆ, ಆಸ್ಪತ್ರೆಯ ಬಿಲ್ಲು ಇನ್ನೊಬ್ಬನಿಗೆ ಅಂತ ಆಗಬಾರದು.

ಮೂರನೆಯದು, ಮುಂದೆ ಹುಟ್ಟುವವರಿಗೂ ಈ ನೆಲದಲ್ಲಿ ಪಾಲಿದೆ. ಇವತ್ತಿನವರು ಅದನ್ನು ತಿಂದು ತೇಗಿ ಹೋಗುವಂತಿಲ್ಲ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಮುನ್ನೆಚ್ಚರಿಕೆಯ ತತ್ವ. 1992ರ ರಿಯೋ ಸಮ್ಮೇಳನದ ಘೋಷಣೆಯಲ್ಲಿ ಇದು 15ನೆಯದು. ದೊಡ್ಡ ಕೇಡಿನ ಭಯ ಇರುವಾಗ, ವಿಜ್ಞಾನ ಇನ್ನೂ ಪೂರ್ತಿ ಖಾತ್ರಿಯಾಗಿ ಹೇಳಿಲ್ಲ ಎಂಬ ನೆವದಲ್ಲಿ ಕೈಕಟ್ಟಿ ಕೂರಬಾರದು. ಇದನ್ನೇ ಒಂದು ಹೆಜ್ಜೆ ಮುಂದೆ ತೆಗೆದುಕೊಂಡು ಹೋಗಿ ನಮ್ಮ ಸುಪ್ರೀಂ ಕೋರ್ಟು 1996ರಲ್ಲಿ, ತಮಿಳುನಾಡಿನ ಚರ್ಮ ಹದಮಾಡುವ ಕಾರ್ಖಾನೆಗಳ ಮೇಲಿನ ವೆಲ್ಲೂರು ಮೊಕದ್ದಮೆಯಲ್ಲಿ, ಸ್ಪಷ್ಟವಾಗಿ ಹೇಳಿತು: ತನ್ನ ಕೆಲಸದಿಂದ ಕೇಡಿಲ್ಲ ಅಂತ ಸಾಬೀತು ಮಾಡುವ ಭಾರ ಕಾರ್ಖಾನೆಯವನ ಮೇಲಿದೆ.

ಅಂದರೆ "ಸಾಕ್ಷಿ ಎಲ್ಲಿ?" ಎಂಬ ಪ್ರಶ್ನೆ ತಿರುಗಿ ಕೇಳಿದವನ ಕಡೆಗೇ ಹೋಯಿತು.

ಇದು ಬಿಳಿಯರ ದೇಶದಿಂದ ಹಡಗಿನಲ್ಲಿ ಬಂದ ಜ್ಞಾನ ಅಂತ ತಿಳಿಯಬೇಡಿ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, ಈಗ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಕರೆಯುತ್ತಾರಲ್ಲ, ಅದರ 12ನೇ ಕಲಮು ತೆಗೆದು ನೋಡಿ. ಆ ಕಾಯ್ದೆಯ ಅಪರಾಧ ಪರಿಶಿಷ್ಟ ಜಾತಿಯವರ ಮೇಲೆ ನಡೆದರೆ, ಅದು ಅಸ್ಪೃಶ್ಯತೆಯ ಕಾರಣಕ್ಕೇ ನಡೆದದ್ದು ಅಂತ ಕೋರ್ಟು ಭಾವಿಸಬೇಕು. ಅಲ್ಲ ಅನ್ನುವುದಾದರೆ ಆರೋಪಿಯೇ ತೋರಿಸಬೇಕು. ಅದಕ್ಕೂ ಹಿಂದೆ ಹೋಗಿ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಗೆ ಇಳಿದು ನೀರು ಕುಡಿದರು. ಆ ಕೆರೆಯ ನೀರನ್ನು ದನಕರು ಕುಡಿಯಬಹುದಿತ್ತು, ನಮ್ಮವರು ಕುಡಿಯಬಾರದಿತ್ತು. ಸವರ್ಣೀಯರು ಕೆರೆಗೆ ಸಗಣಿ ಗಂಜಲ ಹಾಕಿ ಶುದ್ಧಿ ಮಾಡಿದರು, ಆಮೇಲೆ ಕೋರ್ಟಿಗೂ ಹೋದರು. ಅನಾದಿ ಕಾಲದಿಂದ ಇವರನ್ನು ದೂರ ಇಟ್ಟ ರೂಢಿ ಇದೆ ಅಂತ ವಾದಿಸಿದರು. ಹತ್ತು ವರ್ಷ ಕೇಸು ನಡೆಯಿತು. 1937ರ ಮಾರ್ಚಿನಲ್ಲಿ ಬೊಂಬಾಯಿ ಹೈಕೋರ್ಟು ಏನು ಹೇಳಿತು ಗೊತ್ತಾ? ನೀವು ಹೇಳುವ ಅನಾದಿ ರೂಢಿಯನ್ನು ನೀವು ಸಾಬೀತು ಮಾಡಿಲ್ಲ. ಸಾಕ್ಷಿ ತರಬೇಕಾದವರು ದೂರ ಇಟ್ಟವರು. ತರಲಿಕ್ಕೆ ಅವರಿಂದ ಆಗಲಿಲ್ಲ.

ನೀರು ಎಲ್ಲರದು, ಯಾರದೋ ಜಾತಿಯ ಸೊತ್ತಲ್ಲ ಅನ್ನುವುದು ಮಹಾಡಿನ ವಾದ. ಹೊಳೆ, ಕಡಲು, ಗಾಳಿ ಇವೆಲ್ಲ ಸಾರ್ವಜನಿಕರ ಸೊತ್ತು, ಸರ್ಕಾರ ಅದರ ಧಣಿ ಅಲ್ಲ, ನೋಡಿಕೊಳ್ಳುವ ವಿಶ್ವಸ್ಥ ಮಾತ್ರ ಅಂತ ನಮ್ಮ ಸುಪ್ರೀಂ ಕೋರ್ಟು ಕಮಲನಾಥ್ ಮೊಕದ್ದಮೆಯಲ್ಲಿ ಹೇಳಿದ್ದು 1996ರಲ್ಲಿ. ಕೋರ್ಟು ಅದಕ್ಕೆ ರೋಮನ್ನರ ಕಾನೂನಿನ ಆಧಾರ ಕೊಟ್ಟಿತು. ಕೊಡಲಿ, ತಪ್ಪಿಲ್ಲ. ಆದರೆ ನಮ್ಮ ದೇಶದಲ್ಲಿ ಈ ತತ್ವಕ್ಕಾಗಿ ತಲೆ ಒಡೆಸಿಕೊಂಡವರು ಯಾರು ಅನ್ನುವುದನ್ನೂ ಕಾನೂನು ಕಾಲೇಜಿನಲ್ಲಿ ಕಲಿಸಬೇಕು.

ಈಗ ಎಂಡೋಸಲ್ಫಾನಿಗೆ ವಾಪಸು ಬರೋಣ. ಸುಲಭಕ್ಕೆ ಕರಗದ ವಿಷಗಳನ್ನು ಲೋಕದಿಂದಲೇ ತೊಲಗಿಸಲು 2001ರಲ್ಲಿ ಸ್ಟಾಕ್‌ಹೋಮ್ ಒಪ್ಪಂದ ಆಯಿತು. ಇಂಥ ವಿಷ ಗಾಳಿಯಲ್ಲಿ ತೇಲಿ, ಕೊಬ್ಬಿನಲ್ಲಿ ಸೇರಿ, ಗೇರು ಮರವೇ ಇಲ್ಲದ ಉತ್ತರ ಧ್ರುವದ ಹಿಮದವರೆಗೂ ಹೋಗುತ್ತದೆ. ಒಂದು ದೇಶ ಒಬ್ಬಂಟಿಯಾಗಿ ತಡೆಯುವ ಹಾಗಿಲ್ಲ. ಅದಕ್ಕೇ ಲೋಕದ ಕಾನೂನು ಬೇಕು. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಎಂಡೋಸಲ್ಫಾನನ್ನು ಆ ಪಟ್ಟಿಗೆ ಸೇರಿಸುವ ಸಭೆ ನಡೆಯಿತು. ಅಲ್ಲಿಯ ತನಕ ಬೇಡ ಬೇಡ ಅಂತ ಹಟ ಹಿಡಿದಿದ್ದ ದೇಶ ಯಾವುದು? ನಮ್ಮದೇ. ಲೋಕದಲ್ಲಿ ಅತಿ ಹೆಚ್ಚು ಎಂಡೋಸಲ್ಫಾನ್ ಮಾಡುತ್ತಿದ್ದವರೂ ಬಳಸುತ್ತಿದ್ದವರೂ ನಾವೇ. ಸಭೆ ಶುರುವಾದ ದಿನ ಕೇರಳದ ಮುಖ್ಯಮಂತ್ರಿ ಅಚ್ಯುತಾನಂದನ್ ತಿರುವನಂತಪುರದಲ್ಲಿ ಉಪವಾಸ ಕೂತರು. ಕಡೆಗೆ ಕೆಲವು ಬೆಳೆಗಳಿಗೆ ವಿನಾಯಿತಿ ಕೊಟ್ಟ ಮೇಲೆ ಭಾರತ ಒಪ್ಪಿತು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟು ದೇಶವಿಡೀ ಅದರ ತಯಾರಿ, ಮಾರಾಟ, ಬಳಕೆ ನಿಲ್ಲಿಸಿತು.

ದೆಹಲಿಯವರ ವಾದವನ್ನು ಪೂರ್ತಿ ತಳ್ಳಿಹಾಕಲು ನಾವು ಸಿದ್ಧರಿಲ್ಲ. ಶ್ರೀಮಂತ ದೇಶಗಳು ನೂರಾರು ವರ್ಷ ಹೊಗೆ ಬಿಟ್ಟು, ಹೊಟ್ಟೆ ತುಂಬಿದ ಮೇಲೆ ಬಡ ದೇಶಗಳಿಗೆ ಉಪದೇಶ ಮಾಡುತ್ತವೆ. ಅವರ ದುಬಾರಿ ಔಷಧಿಗೆ ಗಿರಾಕಿಗಳಾಗಿ ಅನ್ನುತ್ತವೆ. 1972ರಲ್ಲಿ ಇಂದಿರಾ ಗಾಂಧಿ ಸ್ಟಾಕ್‌ಹೋಮಿನಲ್ಲಿ ಬಡತನದ ಪ್ರಶ್ನೆ ಎತ್ತಿದ್ದು ಸರಿಯೇ. ಹೊಣೆ ಎಲ್ಲರದು, ಆದರೆ ಹೆಚ್ಚು ಕೆಡಿಸಿದವನ ಹೊಣೆ ಹೆಚ್ಚು ಅನ್ನುವುದನ್ನು ರಿಯೋದಲ್ಲಿ ಬರೆಸಿದ್ದೂ ಬಡ ದೇಶಗಳೇ. ಈ ವಾದ ನಮ್ಮ ಕೇರಿಯ ವಾದಕ್ಕೆ ಹತ್ತಿರದ್ದು. ನಮ್ಮ ತಕರಾರು ಬೇರೆ. ಜಿನೀವಾದಲ್ಲಿ ಬಡವರ ಹೆಸರು ಹೇಳುವ ಸರ್ಕಾರ, ಪಡ್ರೆಯಲ್ಲಿ ಬಡವರು ಎದುರು ಬಂದು ನಿಂತರೆ ಸಾಕ್ಷಿ ಕೇಳುತ್ತದೆ. ಹೊರಗೆ ದಲಿತನ ಹಾಗೆ ಮಾತಾಡುವುದು, ಒಳಗೆ ಪಟೇಲನ ಹಾಗೆ ನಡೆಯುವುದು. ಇದು ಯಾವ ನ್ಯಾಯ?

1989ರ ಬಾಸೆಲ್ ಒಪ್ಪಂದವನ್ನೂ ಹೀಗೆಯೇ ನೋಡಬೇಕು. ಅಮೆರಿಕದ ಫಿಲಡೆಲ್ಫಿಯಾದ ಕಸದ ಬೂದಿ ಹೊತ್ತ ಖಿಯಾನ್ ಸೀ ಎಂಬ ಹಡಗು 1986ರಲ್ಲಿ ಹೊರಟು, ಸುರಿಯಲು ಜಾಗ ಹುಡುಕುತ್ತಾ ಕಡಲಿಂದ ಕಡಲಿಗೆ ಅಲೆಯಿತು. ಒಂದಷ್ಟನ್ನು ಹೈಟಿ ಎಂಬ ಬಡ ದೇಶದ ದಂಡೆಯಲ್ಲಿ ಸುರಿದು ಓಡಿತು. ನೈಜೀರಿಯಾದ ಕೊಕೊ ಎಂಬ ಊರಿನಲ್ಲಿ ಇಟಲಿಯ ವಿಷದ ಡ್ರಮ್ಮುಗಳು 1988ರಲ್ಲಿ ಸಿಕ್ಕಿದವು. ಶ್ರೀಮಂತನ ಕಸ ಬಡವನ ಅಂಗಳಕ್ಕೆ ಬರಬಾರದು ಅಂತ ಲೋಕ ಒಪ್ಪಂದ ಮಾಡಿಕೊಂಡದ್ದು ಆಮೇಲೆ. ಸಂತೋಷ. ಆದರೆ ಮಂಗಳೂರಿನ ಕಸ ಎಲ್ಲಿಗೆ ಹೋಗುತ್ತದೆ? ಪಚ್ಚನಾಡಿಗೆ. 2019ರ ಆಗಸ್ಟಿನ ಮಳೆಗೆ ಆ ಕಸದ ಗುಡ್ಡೆ ಜಾರಿ ಮಂದಾರದ ಮನೆಗಳ, ಅಡಿಕೆ ತೆಂಗಿನ ತೋಟಗಳ ಮೇಲೆ ಬಂತು. ಜನ ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟರು. ಕಸ ಎಸೆದವರ ಬಡಾವಣೆಯಲ್ಲಿ ಆವತ್ತೂ ಬೆಳಿಗ್ಗೆ ಕಸದ ಗಾಡಿ ಬಂದು ಹೋಯಿತು. ಆ ಗಾಡಿಯ ಹಿಂದೆ ನಿಂತವರು, ಈ ಊರಿನ ಮಲ ಬಾಚಿದವರು, ಚರಂಡಿಗೆ ಇಳಿದವರು ಯಾವ ಜಾತಿಯವರು ಅಂತ ಕೊರಗರ ಕಾಲೊನಿಗೆ ಹೋಗಿ ಕೇಳಬೇಕಾಗಿಲ್ಲ, ನಿಮಗೇ ಗೊತ್ತಿದೆ. ದೇಶ ದೇಶಗಳ ನಡುವೆ ಬಾಸೆಲ್ ಒಪ್ಪಂದ ಇದೆ. ಪೇಟೆಗೂ ಕೇರಿಗೂ ನಡುವೆ ಯಾವ ಒಪ್ಪಂದ ಇದೆ?

ಇಲ್ಲಿ ಇನ್ನೊಂದು ಚರ್ಚೆ ಬರುತ್ತದೆ. ಈ ಕಾನೂನಿನ ಬುಡ ಮನುಷ್ಯನಾ, ಪ್ರಕೃತಿಯಾ? ಮನುಷ್ಯನಿಗೆ ಉಪಯೋಗ ಇದ್ದರೆ ಮಾತ್ರ ಹೊಳೆ ಉಳಿಸಬೇಕಾ, ಅಥವಾ ಹೊಳೆಗೆ ತನ್ನದೇ ಹಕ್ಕು ಉಂಟಾ? ಇಕ್ವೆಡಾರ್ 2008ರಲ್ಲಿ ತನ್ನ ಸಂವಿಧಾನದಲ್ಲೇ ಪ್ರಕೃತಿಗೆ ಹಕ್ಕು ಕೊಟ್ಟಿತು. ನ್ಯೂಜಿಲೆಂಡಿನ ವಾಂಗನೂಯಿ ನದಿ, ಅಲ್ಲಿನ ಮಾವೊರಿ ಮೂಲನಿವಾಸಿಗಳ ದೀರ್ಘ ಹೋರಾಟದ ನಂತರ, 2017ರಲ್ಲಿ ಕಾನೂನಿನ ಕಣ್ಣಿಗೆ ವ್ಯಕ್ತಿಯಾಯಿತು. ಅದೇ ವರ್ಷ ಉತ್ತರಾಖಂಡದ ಹೈಕೋರ್ಟು ಗಂಗೆ ಯಮುನೆಯರೂ ವ್ಯಕ್ತಿಗಳು ಅಂದಿತು, ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಇದನ್ನು ನಾವು ಗೇಲಿ ಮಾಡುವುದಿಲ್ಲ. ಬಾಬಾಸಾಹೇಬರೇ ತಮ್ಮ ಬುದ್ಧ ಮತ್ತು ಆತನ ಧಮ್ಮ ಗ್ರಂಥದಲ್ಲಿ ಕರುಣೆಗೂ ಮೈತ್ರಿಗೂ ವ್ಯತ್ಯಾಸ ಹೇಳಿದ್ದಾರೆ. ಕರುಣೆ ಮನುಷ್ಯರಲ್ಲಿ ನಿಲ್ಲುತ್ತದೆ, ಮೈತ್ರಿ ಎಲ್ಲ ಜೀವಿಗಳನ್ನೂ ಒಳಗೊಳ್ಳುತ್ತದೆ. ನಮ್ಮ ಪರಿಸರದ ತತ್ವ ಬೇಕಾದರೆ ಅಲ್ಲಿಂದ ಶುರುಮಾಡಬಹುದು. ಆದರೆ ಹೊಳೆಯನ್ನು ವ್ಯಕ್ತಿ ಅನ್ನುವ ಮೊದಲು ಆ ಹೊಳೆಗೆ ಸೇರುವ ಮ್ಯಾನ್‌ಹೋಲಿಗೆ ಇಳಿದು ಸತ್ತವನನ್ನು ವ್ಯಕ್ತಿ ಅಂತ ಎಣಿಸಿ. ಪರಿಸರದ ಪುಸ್ತಕಗಳಲ್ಲಿ "ಮನುಕುಲ" ಅಂತ ಒಂದೇ ಪದ ಇರುತ್ತದೆ. ಆ ಮನುಕುಲದೊಳಗೆ ಮೇಲಿನ ಗದ್ದೆ ಇದೆ, ಕೆಳಗಿನ ಗದ್ದೆ ಇದೆ. ಎಣ್ಮಕಜೆಯಲ್ಲಿ ವಿಷ ಜಾತಿ ಕೇಳಿ ಬೀಳಲಿಲ್ಲ, ನಿಜ. ಆದರೆ ಜಾಗ ಮಾರಿ ಬೇರೆ ಊರಿಗೆ ಹೋಗುವ ದಾರಿ ಜಮೀನು ಇದ್ದವರಿಗೆ ಮಾತ್ರ ಇತ್ತು. ಉಳಿದವರು ಅದೇ ತೋಡಿನ ನೀರು ಕುಡಿದರು.

ಕಾನೂನು ಬಂದರೆ ಎಲ್ಲ ಸರಿಹೋಗುತ್ತದೆ ಅಂತ ನಾವು ಹೇಳುತ್ತಿಲ್ಲ. ನೊಂದವರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಿ ಅಂತ ಸುಪ್ರೀಂ ಕೋರ್ಟು ಕೇರಳ ಸರ್ಕಾರಕ್ಕೆ ಆಜ್ಞೆ ಮಾಡಿದ್ದು 2017ರ ಜನವರಿ 10ರಂದು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ಲೆಕ್ಕ ಕೇಳಿದಾಗ, 3,704 ಜನರಲ್ಲಿ ದುಡ್ಡು ಸಿಕ್ಕಿದ್ದು ಎಂಟು ಜನರಿಗೆ. ಐದು ವರ್ಷ, ಎಂಟು ಜನ. ಕಾಗದದಲ್ಲಿ ಬರೆದ ತತ್ವ ತಾನಾಗಿ ನಡೆದು ಪಡ್ರೆಗೆ ಬರುವುದಿಲ್ಲ. ಹೊತ್ತು ತರುವವರು ಬೇಕು.

ಹೊತ್ತು ತರಲು ನಮ್ಮ ಕೈಯಲ್ಲಿ ಏನಿದೆ? ಇದೆ. 1989ರ ದೌರ್ಜನ್ಯ ತಡೆ ಕಾಯ್ದೆಯ 3ನೇ ಕಲಮನ್ನು ನಾವು ಬೈಗುಳ ಮತ್ತು ಹೊಡೆತದ ಕೇಸಿಗೆ ಮಾತ್ರ ತೆಗೆಯುತ್ತೇವೆ. ಪೂರ್ತಿ ಓದಿ. ಪರಿಶಿಷ್ಟ ಜಾತಿ ಪಂಗಡದವರು ಬಳಸುವ ನೀರಿನ ಮೂಲವನ್ನು ಕೆಡಿಸುವುದು ಅದರಲ್ಲಿ ಅಪರಾಧ. ಅವರನ್ನು ಅವಮಾನಿಸಲು ಅವರ ಮನೆಯ ಆಸುಪಾಸು ಕಸ, ಮಲ, ಸತ್ತ ಪ್ರಾಣಿ ತಂದು ಹಾಕುವುದೂ ಅಪರಾಧ. ಅಂದಮೇಲೆ ನಮ್ಮ ದೌರ್ಜನ್ಯ ತಡೆ ಕಾಯ್ದೆ ಪರಿಸರ ಕಾಯ್ದೆಯೂ ಹೌದು. ಇದನ್ನು ಯಾವ ಪರಿಸರವಾದಿಯೂ ನಮಗೆ ಹೇಳಿಕೊಡಲಿಲ್ಲ, ನಾವೂ ಇಷ್ಟು ದಿನ ಗಮನಿಸಲಿಲ್ಲ. ತಪ್ಪು ನಮ್ಮದೂ ಇದೆ.

ಇಷ್ಟು ದೊಡ್ಡ ವಿಷಯದಲ್ಲಿ ಹಾಸ್ಟೆಲ್ ಹುಡುಗರು ಏನು ಮಾಡಲಿಕ್ಕಾಗುತ್ತದೆ ಅಂತ ಕೇಳಬಹುದು. 2019ರಲ್ಲಿ ಪೆಸಿಫಿಕ್ ಸಾಗರದ ಸಣ್ಣ ದ್ವೀಪಗಳ 27 ಜನ ಕಾನೂನು ವಿದ್ಯಾರ್ಥಿಗಳು ಒಂದು ಕ್ಲಾಸಿನಲ್ಲಿ ಕೂತು ಯೋಚಿಸಿದರು. ಕಡಲು ಏರಿ ನಮ್ಮ ಊರು ಮುಳುಗುತ್ತಿದೆ, ಹೊಗೆ ಬಿಟ್ಟ ದೇಶಗಳಿಗೆ ಹೊಣೆ ಇದೆಯೋ ಇಲ್ಲವೋ ಅಂತ ಲೋಕದ ಕೋರ್ಟನ್ನೇ ಕೇಳೋಣ ಅಂದರು. ವನುವಾಟು ಎಂಬ ಪುಟ್ಟ ದೇಶ ಅವರ ಮಾತು ಎತ್ತಿಕೊಂಡಿತು. 2023ರಲ್ಲಿ ವಿಶ್ವಸಂಸ್ಥೆ ಆ ಪ್ರಶ್ನೆಯನ್ನು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಕಳಿಸಿತು. 2025ರ ಜುಲೈ 23ರಂದು ನ್ಯಾಯಾಲಯ ತನ್ನ ಅಭಿಪ್ರಾಯ ಕೊಟ್ಟಿತು: ಹೊಣೆ ಇದೆ. ನಿಮ್ಮಷ್ಟೇ ಪ್ರಾಯದವರು, ನಿಮ್ಮ ಹಾಗೆಯೇ ಕಡಲ ಕರೆಯವರು.

ಹಾಗಾಗಿ ಈ ರಜೆಯಲ್ಲಿ ಊರಿಗೆ ಹೋಗುವಾಗ ಒಂದು ನೋಟುಬುಕ್ಕು ತೆಗೆದುಕೊಂಡು ಹೋಗಿ. ನಿಮ್ಮ ಕಾಲೊನಿಗೆ ನೀರು ಎಲ್ಲಿಂದ ಬರುತ್ತದೆ, ಮೇಲ್ಗಡೆ ಏನಿದೆ, ಅಲ್ಲಿ ಏನು ಸಿಂಪಡಿಸುತ್ತಾರೆ, ಏನು ಸುರಿಯುತ್ತಾರೆ ಅಂತ ಬರೆಯಿರಿ. ಯಾವ ಮನೆಯಲ್ಲಿ ಯಾವ ಕಾಯಿಲೆ, ಯಾವ ವರ್ಷದಿಂದ ಅಂತ ಬರೆಯಿರಿ. ಮನೆಯವರನ್ನು ಕೇಳಿ, ಅವರು ಒಪ್ಪಿದರೆ ಮಾತ್ರ. ವಾಣೀನಗರದ ಡಾಕ್ಟರು ಮಾಡಿದ್ದು ಇಷ್ಟೇ ಕೆಲಸ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಉತ್ತರ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. "ಇದರಿಂದ ಕೇಡಾಗುತ್ತದೆ ಅನ್ನಲಿಕ್ಕೆ ಸಾಕ್ಷಿ ಎಲ್ಲಿ?" ಅಂತ ಯಾರಾದರೂ ಕೇಳಿದರೆ ತಲೆ ತಗ್ಗಿಸಬೇಡಿ. ಕೇಡಿಲ್ಲ ಅನ್ನಲಿಕ್ಕೆ ನಿಮ್ಮ ಹತ್ತಿರ ಏನು ಸಾಕ್ಷಿ ಇದೆ, ಅದನ್ನು ಮೊದಲು ತೋರಿಸಿ ಅನ್ನಿ. ಹಾಗೆ ಕೇಳುವ ಹಕ್ಕು ನಿಮಗೆ ಕಾನೂನಿನಲ್ಲೇ ಇದೆ.

ಆ ಹುಡುಗನಿಗೆ ನಮ್ಮ ಉತ್ತರ ಇದು. ಡಿ.ಸಿ. ಮನ್ನಾ ಜಾಗದ ಹಕ್ಕುಪತ್ರಕ್ಕೆ ಹೋರಾಡೋಣ, ಬಿಡುವುದು ಬೇಡ. ಆದರೆ ನಾಳೆ ಆ ಜಾಗ ಸಿಕ್ಕಿ, ಅಲ್ಲಿ ನಿಮ್ಮಪ್ಪ ಬಾವಿ ತೋಡಿದಾಗ, ಆ ನೀರು ಕುಡಿಯುವ ಹಾಗಿರಬೇಕಲ್ಲ ತಮ್ಮಾ. ಮುಂದಿನ ಸಭೆಗೆ ಬಾ. ನೋಟುಬುಕ್ಕು ತಾ.